ಕುಂಡದ ಪೊದೆ ಮೆಣಸಿಗೆ ನೀರು ಯಾವಾಗ, ಎಷ್ಟು, ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಗಳಲ್ಲಿ ಕಾಳುಮೆಣಸು ಅಡಿಕೆ ಮರ ಹತ್ತುತ್ತದೆ. ತೋಟ ಇಲ್ಲದವರಿಗೆ ಪೊದೆ ಮೆಣಸು ಇದೆ. ಬುಷ್ ಪೆಪ್ಪರ್ ಅಂತ ನರ್ಸರಿಯಲ್ಲಿ ಕೊಡುವುದು ಇದನ್ನೇ. ಮರ ಹತ್ತುವ ಕುಡಿಯ ಬದಲು ತೆನೆ ಬಿಡುವ ಅಡ್ಡ ಟೊಂಗೆಯನ್ನು ಬೇರು ಬರಿಸಿ ಮಾಡಿದ ಗಿಡ. ಅದಕ್ಕೆ ಆಸರೆ ಬೇಡ, ಕುಂಡದಲ್ಲೇ ಪೊದೆಯಾಗಿ ನಿಲ್ಲುತ್ತದೆ, ಮನೆ ಖರ್ಚಿಗೆ ಮೆಣಸು ಕೊಡುತ್ತದೆ. ಇದನ್ನು ಬೆಳೆಸುವವರು ಸಿಕ್ಕಾಗ, ಪತ್ರ ಬರೆದಾಗ, ಫೋನ್ ಮಾಡಿದಾಗ ಕೇಳುವುದು ಹೆಚ್ಚಾಗಿ ನೀರಿನ ವಿಷಯವೇ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಹೊಸಬರು ಮೊದಲಿಂದ ಓದಿ. ಗಿಡ ಈಗಾಗಲೇ ಬಾಡುತ್ತಿದ್ದರೆ ನೇರ ಮೂರನೇ ಭಾಗಕ್ಕೆ ಹೋಗಿ.

## ಮೊದಲು ತಿಳಿಯಬೇಕಾದ್ದು

ದಿನಾ ಬೆಳಿಗ್ಗೆ ಒಂದು ಚೊಂಬು ನೀರು ಹಾಕ್ತೇನೆ. ಸಾಕಾ, ಜಾಸ್ತಿ ಆಯ್ತಾ?

ಚೊಂಬಿನ ಲೆಕ್ಕ ಬಿಡಿ, ದಿನದ ಲೆಕ್ಕವನ್ನೂ ಬಿಡಿ. ಏಪ್ರಿಲ್‌ನಲ್ಲಿ ಆ ಒಂದು ಚೊಂಬು ಮೇಲಿನ ಎರಡು ಇಂಚು ಮಣ್ಣನ್ನು ಮಾತ್ರ ಒದ್ದೆ ಮಾಡುತ್ತದೆ, ಕೆಳಗಿನ ಬೇರು ಒಣಗಿಯೇ ಇರುತ್ತದೆ. ಅದೇ ಚೊಂಬು ಜುಲೈಯಲ್ಲಿ ಗಿಡವನ್ನು ಕೊಳೆಸುತ್ತದೆ. ಬೇರಿಗೆ ನೀರು ಎಷ್ಟು ಬೇಕೋ ಗಾಳಿಯೂ ಅಷ್ಟೇ ಬೇಕು. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ನೀರು ತುಂಬಿಯೇ ಇದ್ದರೆ ಬೇರಿಗೆ ಉಸಿರಾಡಲು ಜಾಗ ಇಲ್ಲ. ನಾನು ಕಂಡಂತೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕುಂಡದ ಮೆಣಸು ಬಾಯಾರಿ ಸಾಯುವುದು ಕಡಿಮೆ, ನೀರು ಜಾಸ್ತಿಯಾಗಿ ಸಾಯುವುದೇ ಹೆಚ್ಚು. ಬೆಳಿಗ್ಗೆ ಗಿಡದ ಹತ್ತಿರ ದಿನಾ ಹೋಗಿ. ಆದರೆ ಮೊದಲು ಮಣ್ಣು ನೋಡಿ, ಆಮೇಲೆ ಚೊಂಬು ಹಿಡಿಯಿರಿ.

ಮಣ್ಣು ಒಣಗಿದೆ ಅಂತ ಗೊತ್ತಾಗೋದು ಹೇಗೆ? ಮೇಲೆ ಒಣಗಿದ ಹಾಗೇ ಕಾಣ್ತದೆ.

ಮೇಲ್ಮಣ್ಣನ್ನು ನಂಬಬೇಡಿ. ಗಾಳಿ ಬೀಸಿದರೆ ಅರ್ಧ ದಿನದಲ್ಲಿ ಅದರ ಬಣ್ಣ ತಿಳಿಯಾಗುತ್ತದೆ, ಒಳಗೆ ಇನ್ನೂ ಒದ್ದೆ ಇರುತ್ತದೆ. ತೋರುಬೆರಳನ್ನು ಎರಡನೇ ಗೆಣ್ಣಿನ ತನಕ ಮಣ್ಣಿಗೆ ಇಳಿಸಿ. ತುದಿಗೆ ತಂಪು ತಾಗಿ ಮಣ್ಣು ಅಂಟಿಕೊಂಡರೆ ಆ ದಿನ ನೀರು ಬೇಡ. ಒಂದೂವರೆ ಇಂಚಿನ ತನಕ ಪುಡಿಪುಡಿಯಾಗಿ ಉದುರಿದರೆ ಹಾಕಿ. ಮೆಣಸನ್ನು ಅದಕ್ಕಿಂತ ಜಾಸ್ತಿ ಒಣಗಿಸಬಾರದು. ಅದರ ಬೇರು ಹೆಚ್ಚಿನದು ಮೇಲ್ಭಾಗದಲ್ಲೇ ಹರಡಿರುತ್ತದೆ.

ದೊಡ್ಡ ಕುಂಡಕ್ಕೆ ಬೆರಳು ಸಾಲುವುದಿಲ್ಲ. ಅಡಿಕೆ ದಬ್ಬೆಯ ಒಂದು ತೆಳು ಸೀಳು ಮಾಡಿಟ್ಟುಕೊಳ್ಳಿ. ಅಂಚಿನ ಹತ್ತಿರ ಬೇರಿಗೆ ತಾಗದ ಹಾಗೆ ಕೆಳಗಿನ ತನಕ ಚುಚ್ಚಿ, ಎರಡು ನಿಮಿಷ ಬಿಟ್ಟು ಎಳೆಯಿರಿ. ಎಲ್ಲಿಯವರೆಗೆ ಕಪ್ಪಾಗಿದೆಯೋ ಅಲ್ಲಿಯವರೆಗೆ ತೇವ ಇದೆ.

ನನಗೆ ಎಲ್ಲಕ್ಕಿಂತ ಒಳ್ಳೆಯದು ಅನ್ನಿಸುವುದು ಭಾರ ನೋಡುವುದು. ಚೆನ್ನಾಗಿ ನೀರು ಹಾಕಿ, ಬಸಿದು ನಿಂತ ಮೇಲೆ ಕುಂಡವನ್ನು ಒಂದು ಬದಿಯಿಂದ ಸ್ವಲ್ಪ ಎತ್ತಿ ನೋಡಿ. ಮರುದಿನ ಎತ್ತಿ, ಅದರ ಮರುದಿನವೂ ಎತ್ತಿ. ಒಂದು ದಿನ ಅದು ಕೈಗೆ ಇದ್ದಕ್ಕಿದ್ದ ಹಾಗೆ ಹಗುರ ಅನ್ನಿಸುತ್ತದೆ. ನೀರು ಹಾಕುವ ದಿನ ಅದೇ. ಒಂದು ವಾರ ಹೀಗೆ ಮಾಡಿದರೆ ಕೈಗೆ ಅಂದಾಜು ಕೂತುಬಿಡುತ್ತದೆ.

ಹಾಕುವಾಗ ಒಂದು ಸಲಕ್ಕೆ ಎಷ್ಟು ಹಾಕ್ಬೇಕು?

ಕೆಳಗಿನ ತೂತಿನಿಂದ ನೀರು ಬರುವ ತನಕ. ಹನ್ನೆರಡು ಇಂಚಿನ ಕುಂಡವಾದರೆ ಸುಮಾರು ಒಂದೂವರೆಯಿಂದ ಎರಡು ಲೀಟರ್ ಹಿಡಿಯುತ್ತದೆ. ಒಮ್ಮೆಲೇ ಹೊಯ್ಯಬೇಡಿ. ಅರ್ಧ ಹಾಕಿ, ಇಂಗಲು ಹತ್ತು ನಿಮಿಷ ಬಿಟ್ಟು ಉಳಿದದ್ದು ಹಾಕಿ. ಬುಡಕ್ಕೇ ಸುರಿಯದೆ ಕುಂಡದ ಅಂಚಿನ ಸುತ್ತ ಹಾಕಿ, ಕಾಂಡದ ಬುಡ ಆದಷ್ಟು ಒಣಗಿರಲಿ. ಹಾಕಿದರೆ ಪೂರ್ತಿ ಹಾಕುವುದು, ಇಲ್ಲದಿದ್ದರೆ ಹಾಕದೇ ಇರುವುದು. ದಿನಾ ಚೂರು ಚೂರು ಚಿಮುಕಿಸುವುದು ಗಿಡಕ್ಕೆ ಒಳ್ಳೆಯದಲ್ಲ.

ಬೆಳಿಗ್ಗೆನಾ, ಸಂಜೆನಾ?

ಬೆಳಿಗ್ಗೆ. ಹಗಲಿಗೆ ಬೇಕಾದ ನೀರು ಆಗಲೇ ಸಿಗುತ್ತದೆ, ಎಲೆಗೆ ಬಿದ್ದ ನೀರೂ ಬೇಗ ಆರುತ್ತದೆ. ಆದರೆ ಸಂಜೆ ಗಿಡ ಬಾಡಿ ನಿಂತಿದ್ದು, ಮಣ್ಣೂ ಒಣಗಿದ್ದರೆ ಬೆಳಗಿನ ತನಕ ಕಾಯಬೇಡಿ. ಆಗಲೇ ಹಾಕಿ.

ಪೈಪ್ ಹಿಡಿದು ತಲೆ ಮೇಲಿಂದ ಹೊಯ್ದರೆ ಆಗುದಿಲ್ವಾ?

ಬೇಸಿಗೆಯಲ್ಲಿ ಅಪರೂಪಕ್ಕೆ ಎಲೆ ತೊಳೆಯುವುದು ಒಳ್ಳೆಯದೇ. ರಸ್ತೆ ಬದಿಯ ಮನೆಗಳಲ್ಲಿ ಕೆಂಪು ಧೂಳು ಕೂತು ಎಲೆಯ ಹಸಿರೇ ಕಾಣುವುದಿಲ್ಲ. ಕಾರವಾರದ ಕಡಲ ಬದಿಯಲ್ಲಿ ಉಪ್ಪುಗಾಳಿಯ ಪದರವೂ ಕೂರುತ್ತದೆ. ಆದರೆ ಪೈಪಿನ ರಭಸಕ್ಕೆ ಮಣ್ಣು ಸಿಡಿದು ಕೆಳಗಿನ ಎಲೆಗೆ ಅಂಟುತ್ತದೆ. ಮೆಣಸಿನ ಸೊರಗು ರೋಗದ ಶಿಲೀಂಧ್ರ ಮಣ್ಣಿನಿಂದ ಎಲೆಗೆ ಏರುವ ದಾರಿ ಹೆಚ್ಚಾಗಿ ಇದೇ. ಹಾಗಾಗಿ ನೆಲಕ್ಕೆ ತಾಗುವ ಕೆಳಗಿನ ಟೊಂಗೆಗಳನ್ನು ಕತ್ತರಿಸಿ, ಮಣ್ಣಿನ ಮೇಲೆ ದರಕು, ಅಂದರೆ ಒಣ ಎಲೆ ಹಾಸಿ. ಆಮೇಲೆ ಸಿಡಿಯುವ ಚಿಂತೆ ಇರುವುದಿಲ್ಲ.

## ಕುಂಡ, ಮಣ್ಣು, ಕಾಲ

ಮಣ್ಣಿನ ಕುಂಡ ಒಳ್ಳೆಯದಾ, ಗ್ರೋ ಬ್ಯಾಗಾ? ನೀರಿನಲ್ಲಿ ವ್ಯತ್ಯಾಸ ಇದ್ಯಾ?

ಇದೆ. ಮಣ್ಣಿನ ಕುಂಡದ ಮೈಯಿಂದಲೂ ನೀರು ಆವಿಯಾಗುತ್ತದೆ. ಬೇಗ ಒಣಗುತ್ತದೆ, ಬೇರು ತಂಪಾಗಿರುತ್ತದೆ. ಪ್ಲಾಸ್ಟಿಕ್ ಕುಂಡ, ಪೇಂಟಿನ ಬಕೆಟ್ಟು ಎರಡೂ ನೀರು ಹಿಡಿದಿಟ್ಟುಕೊಳ್ಳುತ್ತವೆ. ಮಳೆ ಜಾಸ್ತಿಯಿರುವ ನಮ್ಮ ಕಡೆಗೆ ಮಣ್ಣಿನ ಕುಂಡವೇ ಸೈ ಅಂತ ನನ್ನ ಅಭಿಪ್ರಾಯ. ಬೇಸಿಗೆಯಲ್ಲಿ ಮನೆ ಬಿಟ್ಟು ಹೋಗುವವರಿಗೆ ಮಾತ್ರ ಪ್ಲಾಸ್ಟಿಕ್ ಅನುಕೂಲ. ಕಪ್ಪು ಗ್ರೋ ಬ್ಯಾಗ್ ಬಿಸಿಲಲ್ಲಿ ಸುಡುವಷ್ಟು ಕಾಯುತ್ತದೆ, ಅದನ್ನು ನೆರಳಲ್ಲಿಡಿ. ಹೇಗೂ ಮೆಣಸಿಗೆ ಅರೆನೆರಳೇ ಇಷ್ಟ.

ಕೆಳಗೆ ಎರಡು ಇಂಚು ಜಲ್ಲಿ ಹಾಕಿದ್ದೇನೆ. ನೀರು ಚೆನ್ನಾಗಿ ಬಸಿಯುತ್ತದೆ ಅಲ್ವಾ?

ಬಸಿಯುವುದಿಲ್ಲ. ಬಹಳ ಜನ ಒಪ್ಪದ ಮಾತು ಇದು, ಆದರೂ ಹೇಳಲೇಬೇಕು. ಒದ್ದೆ ಸ್ಪಂಜನ್ನು ಕಲ್ಲಿನ ಮೇಲಿಟ್ಟರೆ ಅದರ ಕೆಳಭಾಗದ ನೀರು ಕಲ್ಲಿಗೆ ಇಳಿಯುವುದಿಲ್ಲ, ಸ್ಪಂಜಿನಲ್ಲೇ ನಿಲ್ಲುತ್ತದೆ. ನುಣುಪು ಮಣ್ಣಿನಿಂದ ದಪ್ಪ ಜಲ್ಲಿಗೆ ನೀರು ಸುಲಭವಾಗಿ ಇಳಿಯದಿರುವುದೂ ಹೀಗೆಯೇ. ಮಣ್ಣಿನ ತಳದಲ್ಲಿ ಯಾವಾಗಲೂ ಒಂದು ಒದ್ದೆ ಪದರ ಇರುತ್ತದೆ. ಜಲ್ಲಿ ಹಾಕಿದರೆ ಆ ಪದರ ಎರಡು ಇಂಚು ಮೇಲೆ, ಬೇರಿನ ಹತ್ತಿರಕ್ಕೇ ಬರುತ್ತದೆ.

ನೀರು ಬಸಿಯಬೇಕಾದರೆ ಮಣ್ಣೇ ಸಡಿಲ ಇರಬೇಕು. ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಸೇರಿಸಿದರೆ ಸಾಕು. ಕಡಲ ಮರಳು ಬೇಡ, ಹೊಳೆಯ ಮರಳಾಗಲಿ. ತೂತು ಮುಚ್ಚದಂತೆ ಹೆಂಚಿನ ಒಂದು ಚೂರನ್ನು ಬೋರಲು ಇಡಿ.

ನೀರು ಹಾಕಿದ ಕೂಡಲೇ ಕೆಳಗಿಂದ ಸೊರ್ ಅಂತ ಹೊರಗೆ ಬರ್ತದೆ. ಬಸಿಯುವುದು ಒಳ್ಳೆಯದೇ ಅಲ್ವಾ?

ಅದು ಬಸಿಯುವುದಲ್ಲ, ಜಾರಿ ಹೋಗುವುದು. ಮಣ್ಣು ಪೂರ್ತಿ ಒಣಗಿದಾಗ ಕುಗ್ಗಿ ಕುಂಡದ ಗೋಡೆ ಬಿಡುತ್ತದೆ. ಆ ಸಂದಿನಿಂದ ನೀರು ನೇರ ಕೆಳಗೆ ಇಳಿಯುತ್ತದೆ. ಕೋಕೋಪೀಟ್ (ತೆಂಗಿನ ಸಿಪ್ಪೆಯ ಪುಡಿ) ಜಾಸ್ತಿ ಇದ್ದರೆ ಇನ್ನೂ ಕಷ್ಟ, ಒಮ್ಮೆ ಒಣಗಿದರೆ ಅದು ನೀರನ್ನೇ ಒಲ್ಲೆ ಅನ್ನುತ್ತದೆ. ಕುಂಡವನ್ನು ಅರ್ಧ ನೀರು ತುಂಬಿದ ಟಬ್ಬಿನಲ್ಲಿ ಅರ್ಧ ಗಂಟೆ ಇಡಿ. ಗುಳ್ಳೆ ಬರುವುದು ನಿಂತ ಮೇಲೆ ತೆಗೆದು ಬಸಿಯಲು ಬಿಡಿ. ಹೀಗೆ ಮಾಡಿದರೂ ಮರುದಿನವೇ ಒಣಗಿದರೆ ಬೇರು ಕುಂಡ ತುಂಬಿದೆ ಅಂತ ಅರ್ಥ. ಒಂದು ಸುತ್ತು ದೊಡ್ಡ ಕುಂಡಕ್ಕೆ ಬದಲಿಸಿ.

ಸಣ್ಣ ಗಿಡ, ಒಮ್ಮೆಲೇ ದೊಡ್ಡ ಕುಂಡಕ್ಕೆ ಹಾಕಿಬಿಟ್ಟರೆ?

ಬೇಡ. ನರ್ಸರಿಯ ಪ್ಲಾಸ್ಟಿಕ್ ಕೊಟ್ಟೆಯಲ್ಲಿದ್ದ ಗಿಡದ ಬೇರು ಒಂದು ಮುಷ್ಟಿಯಷ್ಟು. ಸುತ್ತಲಿನ ಮಣ್ಣಿನ ನೀರನ್ನು ಕುಡಿಯಲು ಬೇರೇ ಇಲ್ಲ. ಆ ಮಣ್ಣು ವಾರಗಟ್ಟಲೆ ಹಸಿಯಾಗಿ ಹುಳಿಯುತ್ತದೆ. ಮೊದಲ ವರ್ಷ ಎಂಟು ಇಂಚು, ಆಮೇಲೆ ಹನ್ನೆರಡು ಇಂಚಿನ ಕುಂಡ.

ಮಳೆಗಾಲದಲ್ಲಿ ಏನು ಮಾಡೋದು? ಆರಿದ್ರೆ ಮಳೆ ಹಿಡಿದರೆ ಹದಿನೈದು ದಿನ ಬಿಡುವುದೇ ಇಲ್ಲ.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಈ ನಾಲ್ಕು ತಿಂಗಳು ನೀರು ಹಾಕುವುದಕ್ಕಿಂತ ನೀರು ಹೊರಗೆ ಹೋಗುವಂತೆ ನೋಡಿಕೊಳ್ಳುವುದೇ ದೊಡ್ಡ ಕೆಲಸ.

ಮೃಗಶಿರಾ ಮಳೆ ಹಿಡಿಯುವ ಮೊದಲೇ ಪ್ರತಿ ಕುಂಡವನ್ನೂ ಓರೆ ಮಾಡಿ ತೂತು ನೋಡಿ. ಬೇರು, ಎರೆಮಣ್ಣು ಕಟ್ಟಿಕೊಂಡಿರುತ್ತದೆ. ಕಡ್ಡಿ ಹಾಕಿ ಬಿಡಿಸಿ. ಕುಂಡವನ್ನು ನೆಲದಲ್ಲಿ ಇಡಬೇಡಿ. ಚಿರೇಕಲ್ಲಿನ ಮೂರು ತುಂಡಿನ ಮೇಲೆ ಕೂರಿಸಿ, ತೂತು ತೆರೆದಿರಲಿ. ಸೂರಿನ ನೀರು ನೇರ ಬೀಳುವ ಜಾಗದಿಂದ ದೂರ ಇಡಿ. ಹೆಂಚಿನ ಮಾಡಿನ ನೀರು ಬಿದ್ದರೆ ಒಂದು ದಿನದಲ್ಲಿ ಮಣ್ಣು ಕೊಚ್ಚಿ ಬೇರು ಹೊರಗೆ ಕಾಣುತ್ತದೆ. ದರಕಿನ ಹಾಸನ್ನು ಈ ಸಮಯದಲ್ಲಿ ತೆಳ್ಳಗೆ ಮಾಡಿ, ಬುಡಕ್ಕೆ ತಾಗದಂತೆ ಸರಿಸಿ. ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯಲು ಮರ ಹತ್ತುವ ಕೊನೆಗೌಡರು ಬಂದ ದಿನ ಶೇಕಡಾ 1ರ ಬೋರ್ಡೋ ದ್ರಾವಣದಲ್ಲಿ (ಮೈಲುತುತ್ತ, ಸುಣ್ಣ ಸೇರಿಸಿ ಮಾಡಿದ್ದು) ಸ್ವಲ್ಪ ಕೇಳಿ ಇಟ್ಟುಕೊಂಡು, ಆ ದಿನವೇ ಕುಂಡದ ಗಿಡಕ್ಕೂ ಹೊಡೆಯಿರಿ. ಮರುದಿನಕ್ಕೆ ಇಟ್ಟರೆ ಪ್ರಯೋಜನ ಇಲ್ಲ.

ಇನ್ನೊಂದು ಮಾತು ಎಲ್ಲರೂ ಮರೆಯುತ್ತಾರೆ. ಜಗಲಿಯ ಒಳಗೆ, ಬಾಲ್ಕನಿಯ ಮಾಡಿನ ಕೆಳಗೆ ಇಟ್ಟ ಕುಂಡಕ್ಕೆ ಮಳೆ ಬೀಳುವುದೇ ಇಲ್ಲ. ಹೊರಗೆ ಧೋ ಅಂತ ಸುರಿಯುತ್ತಿರುತ್ತದೆ, ಒಳಗಿನ ಕುಂಡ ಒಣಗುತ್ತಿರುತ್ತದೆ. ವಾರಕ್ಕೊಮ್ಮೆ ಅದನ್ನೂ ಬೆರಳಿಟ್ಟು ನೋಡಿ. ಆಗಸ್ಟ್‌ನಲ್ಲಿ ನಾಲ್ಕೈದು ದಿನ ಹೊಳವಾಗಿ ಬಿಸಿಲು ಬಂದರೆ ಅಂಗಳದ ಕುಂಡಗಳನ್ನೂ ನೋಡಿ. ಮಳೆಗಾಲದಲ್ಲಿ ಹುಟ್ಟಿದ ಎಳೆ ಎಲೆ ಆ ಬಿಸಿಲಿಗೆ ಬೇಗ ಬಾಡುತ್ತದೆ.

ಶಿರಸಿಯಲ್ಲಿ ತಂಗಿ ವಾರಕ್ಕೆ ಎರಡು ಸಲ ಹಾಕ್ತಾಳೆ, ಕುಮಟೆಯಲ್ಲಿ ನನಗೆ ಅದು ಸಾಕಾಗುವುದಿಲ್ಲ. ಯಾಕೆ?

ಶಿರಸಿ ಸುಮಾರು 590 ಮೀಟರ್ ಎತ್ತರದಲ್ಲಿದೆ. ಚಳಿಗಾಲದ ರಾತ್ರಿ ತಂಪು, ಇಬ್ಬನಿ ಬೀಳುತ್ತದೆ, ಗಿಡದ ಬೆಳವಣಿಗೆಯೂ ನಿಧಾನ. ಡಿಸೆಂಬರ್, ಜನವರಿಯಲ್ಲಿ ಅಲ್ಲಿ ಕುಂಡ ಹಗುರ ಆಗಲು ದಿನ ಹಿಡಿಯುತ್ತದೆ. ಕರಾವಳಿಯಲ್ಲಿ ಅಂಥ ಚಳಿ ಇಲ್ಲ, ಗಿಡ ವರ್ಷವಿಡೀ ನೀರು ಎಳೆಯುತ್ತದೆ. ಮಧ್ಯಾಹ್ನದ ಕಡಲ ಗಾಳಿ ಬಾಲ್ಕನಿಯ ಕುಂಡವನ್ನು ಬೇಗ ಒಣಗಿಸುತ್ತದೆ. ಮಾರ್ಚ್‌ನಿಂದ ಮೊದಲ ಮಳೆಯ ತನಕ ಕರಾವಳಿಯ ಮಣ್ಣಿನ ಕುಂಡಕ್ಕೆ ದಿನಾ ಬೇಕಾದೀತು. ತಂಗಿಯ ಲೆಕ್ಕ ತಂಗಿಗೆ ಸರಿ, ನಿಮ್ಮದು ನಿಮಗೆ ಸರಿ.

ಕುಂಡದ ಕೆಳಗೆ ತಟ್ಟೆ ಇಡಬಹುದಾ?

ಇಡಿ, ಆದರೆ ಬಸಿದ ನೀರನ್ನು ಅರ್ಧ ಗಂಟೆಯೊಳಗೆ ಚೆಲ್ಲಿ. ಬಿಟ್ಟರೆ ಮಣ್ಣು ಅದನ್ನು ಮತ್ತೆ ಮೇಲೆ ಎಳೆಯುತ್ತದೆ. ಮಳೆಗಾಲದಲ್ಲಿ ತಟ್ಟೆಯೇ ಬೇಡ. ಡೆಂಗಿ ಹರಡುವ ಸೊಳ್ಳೆ ಇಂಥ ನೀರಲ್ಲೇ ಮೊಟ್ಟೆ ಇಡುತ್ತದೆ. ಒಂದು ವಾರ, ಹತ್ತು ದಿನದಲ್ಲಿ ಅದು ಹಾರುವ ಸೊಳ್ಳೆ ಆಗಿರುತ್ತದೆ.

## ಗಿಡ ಸೊರಗಿದಾಗ

ಎಲೆ ಜೋತು ಬಿದ್ದಿದೆ, ನೀರು ಹಾಕಿದಷ್ಟೂ ಬಾಡ್ತಿದೆ. ಏನಾಗಿದೆ ಮಾರಾಯ್ರೇ?

ಮೊದಲು ನೀರು ಹಾಕುವುದನ್ನು ನಿಲ್ಲಿಸಿ. ಮಣ್ಣು ಒದ್ದೆ ಇದ್ದೂ ಎಲೆ ಬಾಡಿದರೆ ಬೇರು ಕೆಲಸ ನಿಲ್ಲಿಸಿದೆ ಅಂತ ಅರ್ಥ. ಸುತ್ತ ನೀರಿದ್ದರೂ ಕುಡಿಯಲು ಆಗುತ್ತಿಲ್ಲ. ಜನ ಬಾಯಾರಿಕೆ ಅಂದುಕೊಂಡು ಇನ್ನೂ ಹಾಕುತ್ತಾರೆ, ಗಿಡ ಇನ್ನೂ ಕೊಳೆಯುತ್ತದೆ.

ಬಾಯಾರಿದ ಗಿಡವನ್ನು ಗುರುತಿಸುವುದು ಸುಲಭ. ಕುಂಡ ಹಗುರ, ಎಲೆ ಮೆತ್ತಗೆ, ನೀರು ಹಾಕಿದ ಎರಡು ಮೂರು ಗಂಟೆಯಲ್ಲಿ ತಲೆ ಎತ್ತುತ್ತದೆ. ನೀರು ಜಾಸ್ತಿಯಾದ ಗಿಡದ ಕುಂಡ ಭಾರ, ಕೆಳಗಿನ ಎಲೆ ಹಳದಿ, ಮಣ್ಣಿಗೆ ಹುಳಿ ವಾಸನೆ.

ಅನುಮಾನ ಬಂದರೆ ಬೇರನ್ನೇ ನೋಡಿ. ಕಾಂಡದ ಬುಡವನ್ನು ಬೆರಳ ಸಂದಿಯಲ್ಲಿ ಹಿಡಿದು ಕುಂಡವನ್ನು ಬೋರಲು ಮಾಡಿ, ಅಂಚನ್ನು ಮೆತ್ತಗೆ ತಟ್ಟಿ. ಮಣ್ಣಿನ ಗಟ್ಟಿ ಇಡಿಯಾಗಿ ಕೈಗೆ ಬರುತ್ತದೆ. ಬಿಳಿ ಅಥವಾ ತಿಳಿ ಕಂದು ಬಣ್ಣದ, ಎಳೆದರೆ ಕಟ್ ಅಂತ ಮುರಿಯುವ ಬೇರು ಜೀವಂತ. ಕೊಳೆತ ಬೇರು ಕಪ್ಪಗಿರುತ್ತದೆ. ಎರಡು ಬೆರಳಲ್ಲಿ ಹಿಡಿದು ಎಳೆದರೆ ಅದರ ಸಿಪ್ಪೆ ಕೈಗೆ ಬರುತ್ತದೆ, ಒಳಗಿನ ನೂಲಿನಂಥ ನಾರು ಮಾತ್ರ ಉಳಿಯುತ್ತದೆ.

ಅರ್ಧದಷ್ಟಾದರೂ ಬಿಳಿ ಬೇರು ಇದ್ದರೆ ಗಿಡ ಉಳಿಯುವ ಆಸೆ ಇದೆ. ಕಪ್ಪು ಬೇರನ್ನೆಲ್ಲ ಶುಚಿಯಾದ ಕತ್ತರಿಯಿಂದ ಕತ್ತರಿಸಿ, ಅದೇ ಪ್ರಮಾಣದಲ್ಲಿ ಎಲೆಯನ್ನೂ ಕಡಿಮೆ ಮಾಡಿ. ಹೊಸ ಮಣ್ಣು, ಚಿಕ್ಕ ಕುಂಡ, ಪೂರ್ತಿ ನೆರಳು. ಮಣ್ಣಿಗೆ ಟ್ರೈಕೋಡರ್ಮಾ (ಕೊಳೆ ರೋಗ ತಡೆಯುವ ಒಳ್ಳೆಯ ಶಿಲೀಂಧ್ರ) ಬೆರೆಸಿದ ಗೊಬ್ಬರ ಸೇರಿಸಿ. ತಾಮ್ರದ ಔಷಧಿಯನ್ನು ಅದರ ಜೊತೆಗೆ ಮಣ್ಣಿಗೆ ಹಾಕಬೇಡಿ, ಟ್ರೈಕೋಡರ್ಮಾ ಸಾಯುತ್ತದೆ. ಬುಡದ ಕಾಂಡವೇ ಕಪ್ಪಾಗಿ ಮೆತ್ತಗಾಗಿದ್ದರೆ ಅದು ಶೀಘ್ರ ಸೊರಗು ರೋಗ. ಆ ಗಿಡವನ್ನೂ ಮಣ್ಣನ್ನೂ ತೋಟದಿಂದ, ಬೇರೆ ಕುಂಡಗಳಿಂದ ದೂರ ಹಾಕಿ. ಕುಂಡವನ್ನು ತಿಕ್ಕಿ ತೊಳೆದು ಬಿಸಿಲಿಗಿಡಿ.

ನಮ್ಮ ಬಾವಿ ನೀರು ಏಪ್ರಿಲ್ ಬಂದ ಮೇಲೆ ಸ್ವಲ್ಪ ಉಪ್ಪು. ಎಲೆಯ ತುದಿ ಸುಡ್ತಾ ಇದೆ.

ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಕಡಲು ಸೇರುವ ಜಾಗದ ಸುತ್ತಲಿನ ಬಾವಿಗಳಲ್ಲಿ ಇದು ಇದ್ದದ್ದೇ. ಹೊಳೆಯ ಸಿಹಿನೀರು ಕಡಿಮೆಯಾದ ಹಾಗೆ ಉಬ್ಬರದ ನೀರು ಒಳಗೆ ಏರುತ್ತದೆ. ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಕಗ್ಗ ಭತ್ತ ಆ ಉಪ್ಪನ್ನು ತಡೆದುಕೊಳ್ಳುತ್ತದೆ, ಮೆಣಸು ತಡೆಯುವುದಿಲ್ಲ. ಕುಂಡದಲ್ಲಿ ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಮೊದಲು ಎಲೆಯ ತುದಿ, ಆಮೇಲೆ ಅಂಚು ಕಂದಾಗುತ್ತದೆ. ಮಣ್ಣಿನ ಕುಂಡದ ಹೊರಮೈಯಲ್ಲಿ ಬಿಳಿ ಪದರ ಕಾಣುತ್ತದೆ.

ಇಂಥ ನೀರೇ ಗತಿ ಅಂತಾದರೆ ಮಣ್ಣನ್ನು ಜಾಸ್ತಿ ಒಣಗಲು ಬಿಡಬೇಡಿ, ಒಣಗಿದಷ್ಟೂ ಉಪ್ಪು ಗಟ್ಟಿಯಾಗುತ್ತದೆ. ಪ್ರತಿ ಸಲ ಕೆಳಗಿಂದ ಚೆನ್ನಾಗಿ ಬಸಿಯುವಷ್ಟು ಹಾಕಿ. ತಿಂಗಳಿಗೊಮ್ಮೆ ಎಲ್ಲಿಂದಾದರೂ ಸಿಹಿನೀರು ತಂದು, ಕುಂಡದ ಎರಡು ಪಟ್ಟು ನೀರನ್ನು ನಿಧಾನಕ್ಕೆ ಹಾಯಿಸಿ ಉಪ್ಪು ತೊಳೆಯಿರಿ. ಎಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಉಪ್ಪು ಇರುವುದಿಲ್ಲ, ಅದನ್ನೂ ಹಿಡಿದಿಡಬಹುದು. ಕೋಕೋಪೀಟ್ ತಂದರೆ ಮೊದಲು ಎರಡು ಮೂರು ನೀರಲ್ಲಿ ತೊಳೆದು ಹಿಂಡಿ. ಉಪ್ಪುನೀರಲ್ಲಿ ಕೊಳೆಹಾಕಿದ ಸಿಪ್ಪೆಯಿಂದ ಮಾಡಿದ್ದರೆ ಅದರಲ್ಲೇ ಉಪ್ಪಿರುತ್ತದೆ.

## ಸ್ವಲ್ಪ ಪಳಗಿದವರಿಗೆ

ನನ್ನದು ಹಿಪ್ಪಲಿ ಕಸಿ ಗಿಡ. ಕೊಳೆಯುವುದಿಲ್ಲ ಅಂದರು. ಹಾಗಾದರೆ ನೀರಿನ ಲೆಕ್ಕ ಬೇರೆಯಾ?

ಬೇರೆಯೇ. ಈ ಕಸಿಯ ಕೆಳಗಿರುವುದು ದಕ್ಷಿಣ ಅಮೆರಿಕ ಮೂಲದ ಕಾಡು ಹಿಪ್ಪಲಿ, ಪೈಪರ್ ಕೊಲುಬ್ರಿನಮ್. ಜೌಗು ನೆಲದಲ್ಲಿ ಬೆಳೆಯುವ ಗಿಡ. ಸೊರಗು ರೋಗದ ಶಿಲೀಂಧ್ರಕ್ಕೆ ಅದರ ಬೇರು ಬಗ್ಗುವುದಿಲ್ಲ. ಆದರೆ ಬರ ತಡೆಯುವ ಶಕ್ತಿ ಅದಕ್ಕಿಲ್ಲ. ಸ್ವಂತ ಬೇರಿನ ಮಲ್ಲಿಗೆಸರ, ಪಣಿಯೂರಿನಂಥ ಮೆಣಸಿನ ತಳಿ ಒಂದು ದಿನ ಕಾದೀತು, ಕಸಿ ಗಿಡ ಕಾಯುವುದಿಲ್ಲ. ಬೇಸಿಗೆಯಲ್ಲಿ ಮಣ್ಣಿನ ಮೇಲ್ಪದರ ಒಣಗುತ್ತಿದ್ದ ಹಾಗೇ ನೀರು ಕೊಡಿ. ಕಸಿಯ ಗಂಟು ಮಣ್ಣಿನಿಂದ ಮೇಲೆ ಇರಲಿ. ಗಂಟು ಹೂತುಹೋದರೆ ಮೇಲಿನ ಮೆಣಸೇ ಬೇರು ಬಿಟ್ಟು, ಕಸಿ ಮಾಡಿದ್ದೇ ವ್ಯರ್ಥವಾಗುತ್ತದೆ. ಗಂಟಿನ ಕೆಳಗಿನ ಹಿಪ್ಪಲಿ ಚಿಗುರನ್ನು ಆಗಾಗ ಚಿವುಟಿ.

ತೆನೆ ಬರಲಿಕ್ಕೆ ಬೇಸಿಗೆಯಲ್ಲಿ ನೀರು ನಿಲ್ಲಿಸಬೇಕು ಅಂತಾರೆ. ಹೌದಾ?

ತೋಟದ ಬಳ್ಳಿಗೆ ಆ ಮಾತು ಸರಿ. ಬೇಸಿಗೆಯಲ್ಲಿ ಸ್ವಲ್ಪ ಒಣಗಿ, ಮಳೆ ಬಿದ್ದ ಕೂಡಲೇ ಹೊಸ ಚಿಗುರಿನ ಜೊತೆ ತೆನೆ ಒಟ್ಟಿಗೆ ಬರುತ್ತದೆ. ಆದರೆ ಬಳ್ಳಿಯ ಬೇರಿಗೆ ನೆಲದ ತಂಪು ಇದೆ. ಕುಂಡದ ಬೇರಿಗೆ ಇರುವುದು ಆ ಹಿಡಿ ಮಣ್ಣು ಮಾತ್ರ. ಅಲ್ಲಿ ನೀರು ನಿಲ್ಲಿಸಿದರೆ ಗಿಡ ತೆನೆ ಬಿಡುವುದಿಲ್ಲ, ಎಲೆ ಉದುರಿಸುತ್ತದೆ. ಪೊದೆ ಮೆಣಸು ನೀರು ಗೊಬ್ಬರ ಸರಿ ಇದ್ದರೆ ವರ್ಷದ ಹೆಚ್ಚಿನ ತಿಂಗಳು ತೆನೆ ಬಿಡುವ ಗಿಡ. ಅದನ್ನು ಸುಮ್ನೆ ಕಾಡಬೇಡಿ. ತೆನೆ ಇನ್ನೂ ಎಳೆಯದಾಗಿದ್ದಾಗ ಮಣ್ಣು ಒಣಗಿದರೆ ಕಾಳು ಕಟ್ಟದೆ ಉದುರುತ್ತದೆ. ಹಾಗಾಗಿ ಆಗಲೇ ಜಾಸ್ತಿ ಗಮನ ಬೇಕು.

ತೆನೆಯ ಹೂವಿಗೆ ಮಳೆನೀರಿನ ಹನಿ ಪರಾಗ ಹರಡಲು ಸಹಾಯ ಮಾಡುತ್ತದೆ. ಮಾಡಿನ ಕೆಳಗಿನ ಗಿಡದಲ್ಲಿ ತೆನೆ ಬಂದೂ ಕಾಳು ವಿರಳವಾಗಿದ್ದರೆ, ಹೂ ಬಂದ ದಿನಗಳಲ್ಲಿ ಬೆಳಿಗ್ಗೆ ಸ್ಪ್ರೇ ಬಾಟಲಿಯಿಂದ ತೆನೆಗಳ ಮೇಲೆ ನೀರು ಸಿಂಪಡಿಸಿ.

ಹತ್ತು ದಿನ ಮನೆಯಲ್ಲಿ ಯಾರೂ ಇರುವುದಿಲ್ಲ. ಗಿಡದ ಕತೆ?

ಹೊರಡುವ ದಿನ ಚೆನ್ನಾಗಿ ನೀರು ಹಾಕಿ, ಎಲ್ಲ ಕುಂಡಗಳನ್ನು ಗಾಳಿ ಬಿಸಿಲು ಕಡಿಮೆ ಇರುವ ಕಡೆ ಒತ್ತೊತ್ತಾಗಿ ಇಡಿ. ಮಣ್ಣಿನ ಮೇಲೆ ದಪ್ಪಕ್ಕೆ ದರಕು ಹಾಸಿ. ಪಕ್ಕದಲ್ಲಿ ಸ್ಟೂಲಿನ ಮೇಲೆ ನೀರಿನ ಬಕೆಟ್ ಇಟ್ಟು, ಹಳೆ ಹತ್ತಿ ಸೀರೆಯ ಪಟ್ಟಿಯ ಒಂದು ತುದಿ ಬಕೆಟ್ಟಿನ ತಳಕ್ಕೂ, ಇನ್ನೊಂದು ತುದಿ ಕುಂಡದ ಮಣ್ಣಿನ ಒಳಕ್ಕೂ ಹೋಗಲಿ. ಪಟ್ಟಿಯನ್ನು ಮೊದಲೇ ಒದ್ದೆ ಮಾಡಿರಬೇಕು. ಹೊರಡುವ ನಾಲ್ಕು ದಿನ ಮುಂಚೆ ಒಂದು ಕುಂಡಕ್ಕೆ ಹಾಕಿ ನೋಡಿ. ಬಕೆಟ್ ತೀರಾ ಬೇಗ ಖಾಲಿಯಾದರೆ ಪಟ್ಟಿ ಸಣ್ಣ ಮಾಡಿ.

ಗೋಬರ್ ಗ್ಯಾಸಿನ ಸ್ಲರಿ, ಹಿಂಡಿ ನೀರು ಹಾಕುವ ದಿನ ಬೇರೆ ನೀರು ಹಾಕಬೇಕಾ?

ಒಣ ಮಣ್ಣಿಗೆ ಸ್ಲರಿ ಹಾಕಲೇಬಾರದು, ಎಳೆ ಬೇರು ಸುಡುತ್ತದೆ. ಹಿಂದಿನ ದಿನ ಅಥವಾ ಒಂದು ಗಂಟೆ ಮುಂಚೆ ಬರೀ ನೀರು ಹಾಕಿ. ಆಮೇಲೆ ಒಂದು ಪಾಲು ಸ್ಲರಿಗೆ ಹತ್ತು ಪಾಲು ನೀರು ಸೇರಿಸಿ, ಸೋಸಿ, ಅಂಚಿನ ಸುತ್ತ ಹಾಕಿ. ಸೋಸದಿದ್ದರೆ ಸಗಣಿಯ ನಾರು ಮೇಲೆ ಪದರ ಕಟ್ಟುತ್ತದೆ, ಮುಂದೆ ನೀರು ಇಂಗುವುದಿಲ್ಲ. ಪದರ ಕಟ್ಟಿದ್ದರೆ ಸಣ್ಣ ಕಡ್ಡಿಯಿಂದ ಅರ್ಧ ಇಂಚು ಮಾತ್ರ ಕೆದಕಿ, ಅದಕ್ಕಿಂತ ಆಳಕ್ಕೆ ಹೋದರೆ ಬೇರು ಹರಿಯುತ್ತದೆ. ಜೋರು ಮಳೆಯ ತಿಂಗಳಲ್ಲಿ ಸ್ಲರಿ ಬೇಡ. ಸೆಪ್ಟೆಂಬರ್ ಕೊನೆಗೆ, ಹಸ್ತ ಮಳೆ ಹೊತ್ತಿಗೆ ಮತ್ತೆ ಶುರು ಮಾಡಿ.